ಆರು ವರ್ಷ ಬಳಸಿದ ರೋಟಾವ್ಯಾಪ್: ಮಶೀನ್ ಛಲೋ ಐತಿ, ಸೀಲ್ ಮ್ಯಾಲೆ ಕಣ್ಣಿಡ್ರಿ

ನಾ ಹುಬ್ಬಳ್ಳಿ ಕಡೆಯಾಂವ, ಪುಣೆದಾಗ ಒಂದು ಸಣ್ಣ ಸಿಂಥೆಸಿಸ್ ಲ್ಯಾಬಿನ್ಯಾಗ ಕೆಲಸ. ಇಲ್ಲೇ ತಯಾರಾದ ಒಂದು ಲೀಟರಿನ ರೋಟರಿ ಇವಾಪೊರೇಟರ್ (ಅದೇ ರೋಟಾವ್ಯಾಪ್, ಒತ್ತಡ ಇಳಿಸಿ ಫ್ಲಾಸ್ಕ್ ತಿರುಗಿಸಿ ಸಾಲ್ವೆಂಟ್ ಅಂದ್ರ ಕರಗಿಸೋ ದ್ರವ ಹಾರಿಸೋ ಮಶೀನ್) ತಗೊಂಡು ಆರು ವರ್ಷ ಆತು, ದಿನಾ ಐದಾರು ತಾಸು ತಿರಗತೈತಿ. ಎಂಎಸ್ಸಿ ಮುಗಿಸಿ ಈ ಕಡೆ ಬಂದ ನಮ್ಮ ಹುಡುಗ್ರು ಫೋನ್ ಮಾಡಿ ಕೇಳ್ತಾರ, ಸರ್ ಲೋಕಲ್ ತಗೋಬೇಕೋ ಫಾರಿನ್ ತಗೋಬೇಕೋ ಅಂತ, ಅದಕ್ಕ ಎಲ್ಲಾ ಒಂದೇ ಕಡೆ ಬರೀತೀನಿ.

ಮೊದ್ಲು ಕಾಂಪೌಂಡ್ ಶುದ್ಧ ಮಾಡಾಕ ಕಾಲಮ್ ಹಾಕಿದ ಮ್ಯಾಲೆ ಬಂದ ಫ್ರ್ಯಾಕ್ಷನ್ (ಬಿಡಿ ಬಿಡಿಯಾಗಿ ಹಿಡಿದ ದ್ರಾವಣ) ಎಲ್ಲಾ ಕೂಡಿಸಿ ಸಾದಾ ಡಿಸ್ಟಿಲೇಶನ್ ಇಡ್ತಿದ್ವಿ. ಈಥೈಲ್ ಅಸಿಟೇಟ್ ಅನ್ನೋ ಸಾಲ್ವೆಂಟ್ ಕುದಿಯೋದು 77 ಡಿಗ್ರಿಗೆ, ಮಧ್ಯಾಹ್ನೆಲ್ಲಾ ಆ ಕಾವಿನ್ಯಾಗ ಕುಂತು ಬೆಳ್ಳಗಿದ್ದ ಕಾಂಪೌಂಡ್ ಕಂದಾಗಿದ್ದು ಎಷ್ಟೋ ಸಲ ನೋಡೀವಿ. ರೋಟಾವ್ಯಾಪ್‌ದಾಗ ಒತ್ತಡ 240 ಮಿಲಿಬಾರ್‌ಗೆ ಇಳಿಸಿದ್ರ ಅದೇ ಸಾಲ್ವೆಂಟ್ 40 ಡಿಗ್ರಿಗೇ ಹೊಂಟು ಹೋಗತೈತಿ, ಫ್ಲಾಸ್ಕ್ ತಿರುಗಿದಂಗ ಗಾಜಿಗೆ ತೆಳ್ಳಗ ಹರಡಿಕೊಂಡು ಇನ್ನೂ ಲಗೂನ ಆರತೈತಿ. 1957ರಾಗ ಸ್ವಿಸ್ ಕಂಪನಿ ಬ್ಯೂಕಿ ಇದನ್ನ ಮಾರಾಕ ಶುರು ಮಾಡಿದಾಗಿಂದ ಮೂಲ ರಚನೆ ಭಾಳೇನ್ ಬದಲಾಗಿಲ್ಲ, ಹಂಗಾಗಿ ಮೋಟಾರು, ಬಾತ್ (ಫ್ಲಾಸ್ಕ್ ಕಾಯಿಸೋ ಬಿಸಿನೀರಿನ ತೊಟ್ಟಿ), ಗಾಜು ಇಷ್ಟಕ್ಕ ಲೋಕಲ್ ಮಶೀನ್ ಧೈರ್ಯದಿಂದ ತಗೋರಿ. ನಮ್ಮ ಮೋಟಾರು ಇವತ್ತಿಗೂ ಸಪ್ಪಳ ಮಾಡಿಲ್ಲ.

ತ್ರಾಸು ಇದ್ದಿದ್ದು ನೀರಿಂದು. ರೊಕ್ಕ ಉಳಿಸಾಕಂತ ಮೊದಲ ವರ್ಷ ವ್ಯಾಕ್ಯೂಮ್ ಎಳ್ಯಾಕ ನಳಕ್ಕ ಹಚ್ಚೋ ವಾಟರ್ ಜೆಟ್ ಪಂಪ್ ಇಟ್ಟಿದ್ವಿ. ಬ್ಯಾಸಗಿದಾಗ ಒಂದಿನ ನೀರಿನ ಒತ್ತಡ ಒಮ್ಮೆಲೆ ಕಡಿಮಿ ಆತು, ಒಳಗ ವ್ಯಾಕ್ಯೂಮ್ ಇತ್ತಲ್ಲ, ನಳದ ನೀರು ಉಲ್ಟಾ ಎಳಕೊಂಡು ಕಂಡೆನ್ಸರ್ (ಆವಿ ತಂಪಾಗಿ ಹನಿ ಆಗೋ ಗಾಜಿನ ಭಾಗ) ಒಳಗ ಬಂತು, ಫ್ಲಾಸ್ಕಿಗೂ ಒಂದಿಷ್ಟು ಇಳೀತು, ಅದ್ರಾಗ ಇದ್ದಿದ್ದು ಆಸಿಡ್ ಕ್ಲೋರೈಡ್, ನೀರು ತಾಗಿ ವಾಪಸ್ ಆಸಿಡ್ ಆತು, ಎರಡು ದಿನದ ಕೆಲಸ ಹೋತು. ನಡುವ ಒಂದು ಟ್ರ್ಯಾಪ್ ಬಾಟ್ಲಿ ಇದ್ದಿದ್ರ ಉಳೀತಿತ್ತು. ಆಮ್ಯಾಲೆ ಟೆಫ್ಲಾನ್ ಡಯಾಫ್ರಾಮ್ ಪಂಪ್ ತಂದ್ವಿ. ಕಂಡೆನ್ಸರಿಗೆ ತಂಪು ನೀರು ಕೊಡೋ ಚಿಲ್ಲರ್ ಸುದ್ದಿನೂ ಅಷ್ಟೇ, ಏಪ್ರಿಲ್ ಮೇದಾಗ ಮಾಳಗಿ ಮ್ಯಾಲಿನ ಟಾಕಿ ನೀರು ಕಾದು ಬರತೈತಿ, ಡಿಸಿಎಂ (ಡೈಕ್ಲೋರೋಮೀಥೇನ್ ಸಾಲ್ವೆಂಟ್) ಕುದಿಯೋದೇ 40 ಡಿಗ್ರಿಗೆ, ಆ ಬೆಚ್ಚನ ನೀರಿಗೆ ಅದು ಹನಿ ಆಗೋದಿಲ್ಲ, ಪಂಪಿನಿಂದ ಹಾದು ಸೀದಾ ಲ್ಯಾಬಿನ ಗಾಳಿಗೆ ಬರತೈತಿ. ಬಾತ್ 60, ಆವಿ 40, ಕಂಡೆನ್ಸರ್ 20, ಇದೊಂದು ಲೆಕ್ಕ ನೆನಪಿಡ್ರಿ, ಚಿಲ್ಲರ್ ಇಲ್ದ ಆ 20 ಪುಣೆ ಬ್ಯಾಸಗಿದಾಗ ಸಿಗೂದಿಲ್ಲ.

ಈಗ ಸೀಲ್. ತಿರುಗೋ ನಳಿಗಿ ಸುತ್ತ ಇರೋ ಟೆಫ್ಲಾನ್ ಸೀಲ್ ನಮಗ ಎರಡು ವರ್ಷಕ್ಕೊಮ್ಮೆ ಸವೀತೈತಿ. ಮೊದಲ ಸಲ ಗೊತ್ತೇ ಆಗ್ಲಿಲ್ಲ, ಸಾಲ್ವೆಂಟ್ ಯಾಕ ನಿಧಾನ ಆತು ಅಂತ ಬಾತ್ ಕಾವು ಏರಿಸ್ಕೊಂತ ಹೋದ್ವಿ, ಅದು ದೊಡ್ಡ ತಪ್ಪು, ಸವೆದ ಸೀಲಿನಿಂದ ಗಾಳಿ ಒಳಗ ಸೋರಿ ವ್ಯಾಕ್ಯೂಮ್ ಕಡಿಮಿ ಆಗಿತ್ತು. ಡೀಲರ್ ಹೊಸದು ಕೊಡಾಕ ಐದು ವಾರ ತಗೊಂಡ. ಹಂಗಾಗಿ ಮಶೀನ್ ಕೊಳ್ಳುವಾಗನ ಎರಡು ಸೀಲ್ ಜಾಸ್ತಿ ಬರಸ್ರಿ.

ಎನ್‌ಎಂಆರ್ (ಕಾಂಪೌಂಡಿನ ರಚನೆ, ಶುದ್ಧತೆ ನೋಡೋ ಟೆಸ್ಟ್) ಕೊಡೋರಿಗೆ ಒಂದು ಮಾತು. ಫ್ಲಾಸ್ಕ್ ಒಣಗೈತಿ ಅಂತ ಕಣ್ಣಿಗೆ ಕಂಡ್ರೂ ಅಂಟಂಟು ಕಾಂಪೌಂಡ್ ಇದ್ರ ಈಥೈಲ್ ಅಸಿಟೇಟ್ ಒಳಗ ಉಳದಿರತೈತಿ, ಸಿಡಿಸಿಎಲ್3 (ಈ ಟೆಸ್ಟಿಗೆ ಸ್ಯಾಂಪಲ್ ಕರಗಿಸೋ ಸಾಲ್ವೆಂಟ್) ಒಳಗ 4.12, 2.05, 1.26 ಪಿಪಿಎಂಗೆ ಪೀಕ್ ಬಂದ್ರ ಅದೇ. ಸ್ವಲ್ಪ ಡಿಸಿಎಂ ಹಾಕಿ ಕರಗಿಸಿ ಎರಡು ಸಲ ಮತ್ತ ಓಡಸ್ರಿ, ಆಮ್ಯಾಲೆ ಹೈ ವ್ಯಾಕ್ಯೂಮ್. 0.07 ಹತ್ರ ಬಂದ್ರ ಜಾಯಿಂಟಿಗೆ ಹಚ್ಚಿದ ಸಿಲಿಕೋನ್ ಗ್ರೀಸ್. ಘನ ಕಾಂಪೌಂಡ್ ಆಗಿದ್ರ ಮೆಲ್ಟಿಂಗ್ ಪಾಯಿಂಟೇ ಹೇಳತೈತಿ, ಸಾಲ್ವೆಂಟ್ ಉಳದಿದ್ರ ಕೆಳಗ ಇಳದು ನಾಕೈದು ಡಿಗ್ರಿ ಹರಡ್ಕೊಂಡು ಕರಗತೈತಿ. ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್ ಸಾಲ್ವೆಂಟ್) ಮಾತ್ರ ಈ ಮಶೀನಿನ್ಯಾಗ ತಗೀಲಿಕ್ಕೆ ಹೋಗಬ್ಯಾಡ್ರಿ, ಅದು ಕುದಿಯೋದು 153 ಡಿಗ್ರಿಗೆ, ರಿಯಾಕ್ಷನ್ ಮುಗಿದ ಮ್ಯಾಲಿನ ವರ್ಕಪ್‌ದಾಗ ನೀರಿಂದ ತೊಳದು ತಗೀರಿ.

ಫ್ಲಾಸ್ಕ್ ಅರ್ಧಕ್ಕಿಂತ ಜಾಸ್ತಿ ತುಂಬಬ್ಯಾಡ್ರಿ, ದ್ರವ ಒಮ್ಮೆಲೆ ಉಕ್ಕಿ ಮ್ಯಾಲ ಹೋಗದಂಗ ಬಂಪ್ ಟ್ರ್ಯಾಪ್ ಹಾಕ್ರಿ, ಫ್ಲಾಸ್ಕ್ ಹಿಡಿಯೋ ಕ್ಲಿಪ್ ಮರೀಬ್ಯಾಡ್ರಿ. ಬಿರುಕು ಬಿಟ್ಟ ಗಾಜು ವ್ಯಾಕ್ಯೂಮಿಗೆ ಯಾವತ್ತೂ ಹಚ್ಚಬ್ಯಾಡ್ರಿ, ಒಳಗ ಕುಸಿದು ಚೂರು ಸಿಡೀತಾವ. ಹಳೇ ಈಥರ್, ಟಿಎಚ್‌ಎಫ್ (ಇವೂ ಸಾಲ್ವೆಂಟೇ, ಹಳತಾದ್ರ ಸಿಡಿಯೋ ಪೆರಾಕ್ಸೈಡ್ ಆಗತಾವ) ಇದ್ರ ಪೆರಾಕ್ಸೈಡ್ ಟೆಸ್ಟ್ ಮಾಡದ ಓಡಸಬ್ಯಾಡ್ರಿ.

ಮೊನ್ನೆ ಮೂರನೇ ಸಲ ಸೀಲ್ ಬದಲಿ ಮಾಡಿದ್ವಿ. ಖಾಲಿ ಫ್ಲಾಸ್ಕ್ ಹಚ್ಚಿ, ವ್ಯಾಕ್ಯೂಮ್ ಎಳದು, ವಾಲ್ವ್ ಮುಚ್ಚಿ ಪಂಪ್ ಬಂದ್ ಮಾಡಿದೆ, ಹತ್ತು ನಿಮಿಷ ಬಿಟ್ಟು ನೋಡಿದ್ರ ಮೀಟರ್ 5 ಮಿಲಿಬಾರ್ ಸೈತ ಏರಿರ್ಲಿಲ್ಲ, ಅಂದ್ರ ಹೊಸ ಸೀಲ್ ಛಲೋ ಕುಂತೈತಿ.