ಲಿಫ್ಟ್ ಮಾಡಿದ ಸೆಕೆಂಡ್ ಹ್ಯಾಂಡ್ ಥಾರ್ ತಗೊಳ್ಳೋ ಮುಂಚೆ ಮುಂದಿನ ಚಕ್ರದ ಒಳಗೆ ಬಗ್ಗಿ ನೋಡಿ

ಕಲಬುರಗಿ, ಬೀದರ್ ಕಡೆ ಎತ್ತರ ಮಾಡಿದ ಥಾರ್ ಹುಡುಕುತ್ತಿರುವವರು ಇದನ್ನು ಪೂರ್ತಿ ಓದಿ. ದಪ್ಪ ಟೈರು, ಕಬ್ಬಿಣದ ಬಂಪರು, ಮೇಲೆ ಸಾಲು ಲೈಟು ಇರುವ ಗಾಡಿ ನೋಡಿದರೆ ಯಾರಿಗಾದರೂ ಆಸೆ ಆಗುತ್ತೆ, ಅದು ಸಹಜ. ನಾನು ತಗೊಂಡಿದ್ದೂ ಅಂಥದ್ದೇ. 2020ರಲ್ಲಿ ಬಂದ ಹೊಸ ಮಾಡೆಲ್ಲು, ಕೆಎ-32 ನಂಬರು, ಒಬ್ಬನೇ ಓನರ್. ಅದರ ಮುಂದಿನ ಬಲಗಡೆಯ ಅಪ್ಪರ್ ಕಂಟ್ರೋಲ್ ಆರ್ಮ್, ಅಂದರೆ ಚಕ್ರದ ಮೇಲ್ಭಾಗವನ್ನು ಚಾಸಿಗೆ ಹಿಡಿದಿಡುವ ಉಕ್ಕಿನ ತೋಳು, ಚಿಂಚೋಳಿ ಹತ್ತಿರ ಹೊಲದ ದಾರಿಯಲ್ಲಿ ಮುರಿದುಹೋಯಿತು. ಯಾರಿಗೂ ಗಾಯ ಆಗಲಿಲ್ಲ. ಸ್ಪೀಡ್ ಇರಲಿಲ್ಲ ಅನ್ನೋದೊಂದೇ ಕಾರಣ. ಅದೇ ಆರ್ಮ್ ಸೇಡಂ ರೋಡಿನಲ್ಲಿ ಸಿಮೆಂಟ್ ಲಾರಿಗಳ ಮಧ್ಯೆ ಮುರಿದಿದ್ದರೆ ಕಥೆ ಬೇರೆ ಇರುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ಇದು ಗಾಡಿಯ ತಪ್ಪಲ್ಲ. ಕಂಪನಿ ಕೊಟ್ಟ ಆರ್ಮ್ ಸುಮ್ನೆ ಹಾಗೆ ಮುರಿಯೋದಿಲ್ಲ. ನನಗೆ ಮಾರುವ ಮುಂಚೆ ಯಾರೋ ಅದನ್ನು ಗ್ರೈಂಡರ್‌ನಲ್ಲಿ ಕೊಯ್ದು, ವೆಲ್ಡಿಂಗ್ ಮಾಡಿ, ಕಪ್ಪು ಪೇಂಟ್ ಹೊಡೆದು ಕೂರಿಸಿದ್ದರು.

ಮಾರಿದವರನ್ನು ನಾನು ಕೇಳಿದ್ದೆ. ಲಿಫ್ಟ್ ಹೇಗೆ ಮಾಡಿದ್ದೀರಿ, ಏನೇನು ಹಾಕಿದ್ದೀರಿ ಅಂತ. "ಮುಂದ ಇಂಪೋರ್ಟೆಡ್ ಆರ್ಮ್ ಅದಾವ್ರಿ ಸರ, ಕಂಪನಿದಕ್ಕಿಂತ ಗಟ್ಟಿ" ಅಂದರು. ಬಿಲ್ಲು ಎಲ್ಲಿ ಅಂದರೆ ಹಳೇ ಓನರ್ ಹತ್ತಿರ ಇದೆ, ಕಳಿಸ್ತಾರೆ ಅಂದರು. ಆ ಬಿಲ್ಲು ಇವತ್ತಿಗೂ ಬಂದಿಲ್ಲ, ಬರೋದೂ ಇಲ್ಲ. ಇಲ್ಲದ ಬಿಲ್ಲು ಎಲ್ಲಿಂದ ಬರಬೇಕು?

ಗಾಡಿ ಓಡಿಸುವಾಗ ಸೂಚನೆಗಳು ಇದ್ದವು. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗೆ ಬರುತ್ತಿರಲಿಲ್ಲ, ನಾವೇ ತಿರುಗಿಸಿ ತರಬೇಕಿತ್ತು. ಎಂಬತ್ತು ದಾಟಿದರೆ ಅತ್ತಿತ್ತ ಅಲೆಯುತ್ತಿತ್ತು. ಅಲೈನ್ಮೆಂಟ್ ಮಾಡಿಸಿದೆ. ಮಷಿನ್ನಿನ ರಿಪೋರ್ಟಿನಲ್ಲಿ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ, ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದು ಇದರಿಂದಲೇ) ಎರಡೂ ಕಡೆ ಒಂದೇ ಇರಲಿಲ್ಲ, ಬಲಗಡೆಯದು ಕೆಂಪು ಬಣ್ಣದಲ್ಲೇ ಉಳಿಯಿತು. ಅಂಗಡಿಯ ಹುಡುಗ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ, ಅಷ್ಟು ಮಾತ್ರ ಸರಿ ಮಾಡಿ, ಲಿಫ್ಟ್ ಗಾಡಿಗೆ ಇಷ್ಟೇ ಬರೋದು ಸರ್ ಅಂತ ಕಳಿಸಿಬಿಟ್ಟ. ಆ ಮಾತನ್ನು ಯಾರೇ ಹೇಳಿದರೂ ನಂಬಬೇಡಿ. ಸರಿಯಾಗಿ ಲಿಫ್ಟ್ ಮಾಡಿದ ಗಾಡಿಯ ಅಲೈನ್ಮೆಂಟ್ ಲೆಕ್ಕದೊಳಗೆ ಬರುತ್ತೆ. ಬರ್ತಿಲ್ಲ ಅಂದರೆ ಏನೋ ಸೊಟ್ಟ ಇದೆ ಅಂತಲೇ ಅರ್ಥ.

ಮಳೆ ಬಿಟ್ಟ ಮೇಲೆ ಕಾಕಾನ ತೊಗರಿ ಹೊಲಕ್ಕೆ ಹೊರಟಿದ್ದೆವು. ಕಾಡಿನೊಳಗಿನ ಆಫ್ ರೋಡ್ ಏನಲ್ಲ, ಎತ್ತಿನ ಗಾಡಿ ಓಡಾಡುವ ದಾರಿ. ಎರೆಮಣ್ಣು ಇನ್ನೂ ಹಸಿ ಇತ್ತು, ಟೈರಿಗೆ ಮೆತ್ತಿಕೊಂಡು ಬರುತ್ತಿತ್ತು. ಪಕ್ಕದಲ್ಲಿ ಕೂತ ಕಾಕಾ "ತಮ್ಮಾ, ಗಾಡಿ ಯಾಕೋ ಬಲಕ್ಕ ಜಗ್ಗಲಾಕತ್ತದ ನೋಡು" ಅನ್ನುತ್ತಿದ್ದರು. ಮುಂದೆ ಒಂದು ಸಣ್ಣ ಕಾಲುವೆ. ಮೊದಲ ಗೇರಿನಲ್ಲಿ ನಿಧಾನಕ್ಕೆ ಇಳಿಸಿದೆ. ಬಲಗಡೆಯ ಚಕ್ರ ಗುಂಡಿಯಲ್ಲಿ ಪೂರ್ತಿ ಜೋತು, ಮತ್ತೆ ಆಚೆ ದಂಡೆಗೆ ತಾಗಿದ ತಕ್ಷಣ ಟಣ್ ಅಂತ ಸದ್ದು. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಿತು. ಇಳಿದು ನೋಡಿದರೆ ಚಕ್ರದ ಮೇಲಿನ ಭಾಗ ಹೊರಕ್ಕೆ ವಾಲಿ ಮುರಿದ ಕೈಯ ಹಾಗೆ ನಿಂತಿತ್ತು. ಬ್ರೇಕ್ ಹೋಸ್ ತಂತಿಯಷ್ಟು ಬಿಗಿಯಾಗಿ ಎಳೆದುಕೊಂಡಿತ್ತು, ಇನ್ನೊಂಚೂರು ಎಳೆದಿದ್ದರೆ ಹರಿದೇ ಹೋಗುತ್ತಿತ್ತು. ಸ್ಟಿಯರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್ ಬಾಗಿತ್ತು, ಆಕ್ಸಲ್ಲಿನ ರಬ್ಬರ್ ಬೂಟು ಹರಿದು ಗ್ರೀಸು ಎಲ್ಲಾ ಕಡೆ ಚೆಲ್ಲಿತ್ತು.

ಟ್ರ್ಯಾಕ್ಟರ್ ತರಿಸಿ ಗಾಡಿಯನ್ನು ರೋಡಿಗೆ ತಂದು, ಅಲ್ಲಿಂದ ಟೋ ಮಾಡಿಸಿ ಕಲಬುರಗಿಗೆ ತಂದದ್ದು ಬೇರೆಯೇ ಪುರಾಣ, ಅದು ಬೇಡ ಬಿಡಿ.

ರಿಂಗ್ ರೋಡಿನ ಹಳೇ ಗ್ಯಾರೇಜಿನ ಉಸ್ತಾದ್ ಆರ್ಮ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ನನ್ನ ಕೈಗೆ ಕೊಟ್ಟರು. ಮುರಿದ ಜಾಗ ನೋಡ್ರಿ ಅಂದರು. ಅರ್ಧ ಭಾಗ ಕಂದು, ತುಕ್ಕು ಹಿಡಿದಿತ್ತು. ಇನ್ನರ್ಧ ಆಗಷ್ಟೇ ಮುರಿದ ಕಬ್ಬಿಣದ ಬೆಳ್ಳನೆ ಹೊಳಪು. ಅಂದರೆ ಬಿರುಕು ಮೊದಲೇ ಬಿಟ್ಟಿತ್ತು, ಪೇಂಟಿನ ಕೆಳಗೆ ದಿನಾ ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು, ಕಾಲುವೆಯಲ್ಲಿ ಉಳಿದದ್ದು ಹೋಯಿತು, ಅಷ್ಟೇ. ಬಿರುಕು ಶುರುವಾದದ್ದು ವೆಲ್ಡಿಂಗಿನ ಅಂಚಿನಲ್ಲೇ. ವೆಲ್ಡಿಂಗು ಮೇಲಿನ ಪದರಕ್ಕೆ ಮಾತ್ರ ಹಿಡಿದಿತ್ತು. ಒಳಗೆ ಎರಡು ತುಂಡುಗಳ ಮಧ್ಯೆ ಕೂದಲೆಳೆಯಷ್ಟು ಗೆರೆ ಹಾಗೇ ಕಾಣುತ್ತಿತ್ತು, ಉಗುರು ಸಿಕ್ಕಿಸಬಹುದಿತ್ತು. "ಇದರ ಮ್ಯಾಲ ಜೀವಾ ಇಟ್ಟು ಹ್ಯಾಂಗ ಓಡಿಸೀರಿ ಸರ?" ಅಂದರು ಉಸ್ತಾದ್. ಎಡಗಡೆಯದನ್ನೂ ಬಿಚ್ಚಿಸಿದೆ. ಪೇಂಟ್ ಕೆರೆದರೆ ಅಲ್ಲೂ ಅದೇ ಜಾಗದಲ್ಲಿ ಬಿರುಕು.

ಯಾಕೆ ಹೀಗೆ ಮಾಡುತ್ತಾರೆ ಅಂತ ಗೊತ್ತಿದ್ದರೆ ಎಲ್ಲಿ ನೋಡಬೇಕು ಅನ್ನೋದೂ ಗೊತ್ತಾಗುತ್ತೆ. ಈ ಥಾರ್‌ಗೆ ಹಿಂದೆ ಗಟ್ಟಿ ಆಕ್ಸಲ್, ಮುಂದೆ ಮಾತ್ರ ಡಬಲ್ ವಿಶ್‌ಬೋನ್. ಪ್ರತಿ ಚಕ್ರಕ್ಕೆ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್. ಒಳಗಿನ ತುದಿ ರಬ್ಬರ್ ಬುಷ್ ಹಾಕಿ ಚಾಸಿಗೆ ಸೇರಿರುತ್ತೆ. ಹೊರಗಿನ ತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಎಲ್ಲಾ ಕಡೆ ಹೊರಳುವ ಗುಂಡು ಕೀಲು, ಅದು ಚಕ್ರ ಕೂರುವ ನಕಲ್ (knuckle) ಅನ್ನೋ ಭಾಗವನ್ನು ಹಿಡಿದಿರುತ್ತೆ. ಭಾರ ಹೊರುವುದು ಕೆಳಗಿನದು, ಸ್ಪ್ರಿಂಗು, ಶಾಕು (ಶಾಕ್ ಅಬ್ಸಾರ್ಬರ್) ಕೂರುವುದು ಅದರ ಮೇಲೆ. ಮೇಲಿನದರ ಕೆಲಸ ಚಕ್ರದ ತಲೆ ಹಿಡಿಯುವುದು. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ, ಗುಂಡಿಯಲ್ಲಿ ಜಗ್ಗಾಟ ತಿನ್ನುವುದು ಇದೇ.

ಕಮ್ಮಿ ದುಡ್ಡಿನಲ್ಲಿ ಎತ್ತರ ಮಾಡಬೇಕು ಅಂದರೆ ಶಾಕಿನ ತಲೆ ಮೇಲೆ ಒಂದು ಬಿಲ್ಲೆ ಇಡುತ್ತಾರೆ, ಸ್ಪೇಸರ್ ಅಂತ. ಶಾಕು ಆರ್ಮಿನ ನಡುವೆ ಎಲ್ಲೋ ಕೂತಿರುವುದರಿಂದ ಒಂದಿಂಚಿನ ಬಿಲ್ಲೆ ಇಟ್ಟರೆ ಚಕ್ರದ ಹತ್ತಿರ ಅದಕ್ಕಿಂತ ಜಾಸ್ತಿ ಎತ್ತರ ಸಿಗುತ್ತೆ. ಆದರೆ ಆರ್ಮ್‌ಗಳು ಮಾಮೂಲಿಗಿಂತ ಕೆಳಕ್ಕೆ ಇಳಿಜಾರಾಗಿ ನಿಲ್ಲುತ್ತವೆ, ಕ್ಯಾಸ್ಟರ್ ಕಮ್ಮಿ ಆಗುತ್ತೆ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಕೆಡುತ್ತೆ, ಆಕ್ಸಲ್ಲಿನ ತುದಿಯ ಕೀಲು ಸಿವಿ ಜಾಯಿಂಟ್ ಸೊಟ್ಟಗೆ ತಿರುಗುತ್ತೆ. ಚಕ್ರ ಪೂರ್ತಿ ಜೋತಾಗ ಮೇಲಿನ ಬಾಲ್ ಜಾಯಿಂಟ್ ತನ್ನ ಕೊನೆ ಮುಟ್ಟಿಬಿಡುತ್ತೆ. ಜೋತಾಟ ತಡೆಯಬೇಕಾದದ್ದು ಶಾಕು, ಆ ಪೆಟ್ಟು ಈಗ ಬಾಲ್ ಜಾಯಿಂಟಿಗೆ, ಅದರಿಂದ ಆರ್ಮಿಗೆ. ಇದಕ್ಕೇ ಅಂತ ಬೇರೆ ಕೋನದಲ್ಲಿ ಮಾಡಿದ ಅಪ್ಪರ್ ಆರ್ಮ್ ಸಿಗುತ್ತವೆ, ದುಬಾರಿ. ಆ ದುಡ್ಡು ಉಳಿಸೋಕೆ ನನ್ನ ಗಾಡಿಯಲ್ಲಿ ಕಂಪನಿ ಆರ್ಮನ್ನೇ ಕೊಯ್ದು, ಬಾಲ್ ಜಾಯಿಂಟ್ ಇರುವ ತುದಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ವೆಲ್ಡ್ ಮಾಡಿದ್ದರು. ಐಡಿಯಾ ಏನೋ ಸರಿ, ಕ್ಯಾಸ್ಟರ್ ವಾಪಸ್ ತರೋದೇ ಹಾಗೆ. ಮಾಡಿದ ರೀತಿ ಮಾತ್ರ ಕೊಲೆಗೆ ಸಮ. ವೆಲ್ಡಿಂಗಿನ ಬಿಸಿಗೆ ಅಕ್ಕಪಕ್ಕದ ಉಕ್ಕಿನ ಗುಣವೇ ಬದಲಾಗುತ್ತೆ, ಜಗ್ಗಾಟ ದಿನಾ ಬೀಳುವ ಜಾಗದಲ್ಲಿ ಬಿರುಕು ಅಲ್ಲಿಂದಲೇ ಶುರು. ಗೇಟು, ಟ್ರಾಲಿ ಮಾಡುವ ಕಡೆ ಈ ಕೆಲಸ ಆಗಲ್ಲ, ಆಗಬಾರದು.

ಈಗ ನೋಡುವುದು ಹೇಗೆ ಅಂತ. ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಟಾರ್ಚ್ ಹಿಡಿದು ಚಕ್ರದ ಹಿಂದೆ ಬಗ್ಗಿ. ಮೇಲಿನ ಆರ್ಮ್ ಕಾಣುತ್ತೆ. ಎಡದ್ದು ಬಲದ್ದು ಎರಡನ್ನೂ ಹೋಲಿಸಿ, ಒಂದಕ್ಕೊಂದು ಕನ್ನಡಿಯಲ್ಲಿ ಕಂಡಂತಿರಬೇಕು. ಆಮೇಲೆ ಲಿಫ್ಟ್ ಮಾಡದ ಥಾರ್ ಒಂದರದ್ದನ್ನೂ ನೋಡಿ ಬನ್ನಿ, ಊರಲ್ಲಿ ಬೇಕಾದಷ್ಟಿವೆ. ಬಾಲ್ ಜಾಯಿಂಟ್ ಹತ್ತಿರ ಗ್ರೈಂಡರ್ ಗೆರೆ, ಉಬ್ಬು, ಸುತ್ತಲಿನದಕ್ಕಿಂತ ಹೊಸದಾಗಿ ಕಾಣುವ ದಪ್ಪ ಪೇಂಟ್ ಇದ್ದರೆ ಅಲ್ಲಿಗೇ ಕೈಬಿಡಿ. ಮಾರುವವರು ಕೆರೆಯೋಕೆ ಬಿಡಲ್ಲ ಅಂದರೂ ಕೈಬಿಡಿ. ಬೇರೆ ಕಂಪನಿಯ ಆರ್ಮ್ ಅಂದರೆ ಅದರ ಮೇಲೆ ತಯಾರಕರ ಗುರುತು ಇರುತ್ತೆ, ಬಿಲ್ಲು ಇರುತ್ತೆ. ಎರಡೂ ಇಲ್ಲ ಅಂದರೆ ಅದು ಇಂಪೋರ್ಟೆಡ್ ಅಲ್ಲ, ಲೋಕಲ್ ವೆಲ್ಡಿಂಗು. ಜ್ಯಾಕನ್ನು ಕೆಳಗಿನ ಆರ್ಮಿಗೆ ಕೊಟ್ಟು ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಲೊಟಕ್ ಅಂತ ಆಟ ಇರಬಾರದು. ಆಮೇಲೆ ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ಪೂರ್ತಿ ಜೋಲಲು ಬಿಡಿ, ಮೇಲಿನ ಆರ್ಮು ಸ್ಪ್ರಿಂಗಿಗೆ ತಾಗಿದ ಗುರುತು ಇದೆಯಾ ನೋಡಿ. ಖಾಲಿ ಜಾಗದಲ್ಲಿ ಓಡಿಸಿ, ತಿರುವಿನ ಮೇಲೆ ಸ್ಟಿಯರಿಂಗ್ ತಾನೇ ವಾಪಸ್ ಬರುತ್ತಾ ನೋಡಿ. ದುಡ್ಡು ಕೊಡುವ ಮುಂಚೆ ಅಲೈನ್ಮೆಂಟ್ ರಿಪೋರ್ಟ್ ನೀವೇ ತೆಗೆಸಿ.

ಕಾಗದದ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ಕಲಂ 182ಎ ಅಡಿಯಲ್ಲಿ ನಿಯಮ ಮೀರಿ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮಾಡಿಸಿದವರು ಹಳೇ ಓನರ್ ಇರಬಹುದು, ಆದರೆ ಆರ್‌ಸಿ ಈಗ ನಿಮ್ಮ ಹೆಸರಲ್ಲಿದೆ, ದಾರಿಯಲ್ಲಿ ನಿಲ್ಲಿಸಿದರೆ ಉತ್ತರ ಕೊಡಬೇಕಾದವರು ನೀವೇ. ನನ್ನ ಇನ್ಸೂರೆನ್ಸ್ ಕ್ಲೇಮು ಹೋಯಿತು. ಸರ್ವೇಯರ್ ವೆಲ್ಡಿಂಗಿನ ಫೋಟೋ ತೆಗೆದುಕೊಂಡಾಗಲೇ ಅದು ಗೊತ್ತಾಗಿತ್ತು.

ಗಾಡಿಯನ್ನು ಕಂಪನಿ ಎತ್ತರಕ್ಕೇ ತಂದುಬಿಟ್ಟೆ. 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ನಮ್ಮ ಹೊಲದ ದಾರಿಗೆ ಬೇಕಾದಷ್ಟಾಯಿತು, ಸುಮ್ನೆ ಶೋಕಿಗೆ ಎತ್ತರ ಮಾಡೋರೇ ಜಾಸ್ತಿ ಅಲ್ವಾ. ಎರಡೂ ಕಡೆ ಹೊಸ ಆರ್ಮ್, ಟೈ ರಾಡ್, ಬ್ರೇಕ್ ಹೋಸ್, ಬಲಗಡೆ ಆಕ್ಸಲ್. ಗಾಡಿ ಕಮ್ಮಿ ರೇಟಿಗೆ ಸಿಕ್ಕಿತು ಅಂದುಕೊಂಡದ್ದೆಲ್ಲ ಅಲ್ಲಿಗೇ ಹೋಯಿತು.

ನಿಮ್ಮ ಹತ್ತಿರ ಈಗಾಗಲೇ ಇಂಥ ಗಾಡಿ ಇದ್ದು, ವೆಲ್ಡಿಂಗ್ ಕಂಡರೆ ಗ್ಯಾರೇಜಿನವರೆಗೂ ಓಡಿಸಬೇಡಿ, ಟೋ ಮಾಡಿಸಿ. ಅದರ ಮೇಲೇ ಇನ್ನೊಂದು ಪಟ್ಟಿ ಹಾಕಿ ಗಟ್ಟಿ ಮಾಡ್ತೀವಿ ಅಂದರೆ ಒಪ್ಪಬೇಡಿ. ಹೊಸ ಆರ್ಮ್ ಹಾಕಿಸುವಾಗ ಬುಷ್ಷಿನ ಬೋಲ್ಟ್‌ಗಳನ್ನು ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಸಲ ಟೈಟ್ ಮಾಡಿಸಿ. ಚಕ್ರ ಜೋತಿರುವಾಗಲೇ ಟೈಟ್ ಮಾಡಿದರೆ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತೆ. ಇದನ್ನು ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಹೇಳಿ ಮಾಡಿಸಿಕೊಳ್ಳಿ, ಮಧ್ಯಾಹ್ನ ಊಟಕ್ಕೆ ಹೋಗಿ ಬರೋದರೊಳಗೆ ಹುಡುಗರು ಮೇಲೆತ್ತಿದಲ್ಲೇ ಟೈಟ್ ಮಾಡಿ ಮುಗಿಸಿರುತ್ತಾರೆ.