ನಿಂತ ಕಾರಿಗೆ ಯಾವ ಕ್ಯಾಮೆರಾ? ಹಾಕಿ ನೋಡಿ ಹೇಳ್ತಿದ್ದೇನೆ

ಓಡುವ ಕಾರಿಗೆ ಡ್ಯಾಶ್‌ಕ್ಯಾಮ್ (ಮುಂದಿನ ಗಾಜಿನ ಹತ್ತಿರ ಕೂತು ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ) ಆರಿಸುವುದು ಸುಲಭ. ನಿಂತ ಕಾರಿಗೆ ಆರಿಸುವುದೇ ತಲೆನೋವು. ಎಂಜಿನ್ ಆಫ್ ಆದ ಮೇಲೆ ಕರೆಂಟ್ ಎಲ್ಲಿಂದ ಬರಬೇಕು? ಡಬ್ಬದ ಮೇಲೆ ಅದು ಇರುವುದಿಲ್ಲ, ಸುಮ್ನೆ ‘24 ಗಂಟೆ ಪಾರ್ಕಿಂಗ್ ಮಾನಿಟರ್’ ಅಂತ ಬರೆದಿರುತ್ತಾರೆ.

ನಮ್ಮದು ಬೆಂಗಳೂರಿನ ಹಳೇ ಬಡಾವಣೆ, ಕಾರು ರಸ್ತೆ ಬದಿಯಲ್ಲೇ ನಿಲ್ಲುತ್ತದೆ. ಮಿರರ್ ಮುರಿಯುವವರು, ಬಂಪರ್ ಸವರಿಕೊಂಡು ಹೋಗುವ ಸ್ಕೂಟರ್‌ಗಳು ಎಲ್ಲಾ ಇದ್ದದ್ದೇ. ಹಾಗಾಗಿ ನಾಲ್ಕು ಥರದ ವ್ಯವಸ್ಥೆ ಹಾಕಿ ನೋಡಿದೆ. ಚಿಕ್ಕ ಪೆಟ್ರೋಲ್ ಕಾರು, 35 ಎಎಚ್ (ಆಂಪಿಯರ್ ಅವರ್) ಬ್ಯಾಟರಿ, 64 ಜಿಬಿ ಕಾರ್ಡ್.

ಮೊದಲು, ಒಳಗೇ ಪುಟ್ಟ ಬ್ಯಾಟರಿ ಇರುವ ಅಗ್ಗದ ಡ್ಯಾಶ್‌ಕ್ಯಾಮ್. ಕಾರು ಆಫ್ ಆದರೆ ಇದು ಮಲಗುತ್ತದೆ, ಯಾರಾದರೂ ಗುದ್ದಿದರೆ ಅಲುಗಾಟ ಗುರುತಿಸುವ ಜಿ-ಸೆನ್ಸರ್ ಎಬ್ಬಿಸುತ್ತದೆ. ಕಾರಿನ ಬ್ಯಾಟರಿಗೆ ಏನೂ ಭಾರ ಇಲ್ಲ, ಅದೊಂದೇ ಪುಣ್ಯ. ಎದ್ದು ರೆಕಾರ್ಡಿಂಗ್ ಶುರು ಮಾಡುವಷ್ಟರಲ್ಲಿ ಒಂದೆರಡು ಸೆಕೆಂಡ್ ಹೋಗಿರುತ್ತದೆ, ಆಮೇಲೆ ಕಾಣುವುದು ಖಾಲಿ ರಸ್ತೆ. ಕೀಲಿಯಲ್ಲಿ ಗೀರಿದರಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಸೆನ್ಸಿಟಿವಿಟಿ ಜಾಸ್ತಿ ಮಾಡಿದರೆ ಪಕ್ಕದಲ್ಲಿ ಲಾರಿ ಹೋದರೂ ಎಚ್ಚರ, ಹಗಲು ಓಡಿಸುವಾಗ ಪ್ರತಿ ಹಂಪ್‌ಗೂ ಯಾರೋ ಗುದ್ದಿದರು ಅಂದುಕೊಂಡು ಒಂದು ಫೈಲ್ ಲಾಕ್. ಕಾರ್ಡ್ ತುಂಬಿದಾಗ ಉಳಿದ ಹಳೇ ಫೈಲ್‌ಗಳ ಹಾಗೆ ಲಾಕ್ ಆದ ಫೈಲ್ ತಾನಾಗಿ ಅಳಿಸಿಹೋಗುವುದಿಲ್ಲ, ಅವೇ ತುಂಬಿಕೊಂಡು ಕಾರ್ಡ್ ಫುಲ್ ಅನ್ನುತ್ತದೆ. ಬಿಸಿಲಲ್ಲಿ ನಿಲ್ಲುವ ಕಾರಾದರೆ ಇಂಥ ಲಿಥಿಯಂ ಬ್ಯಾಟರಿ ಊದಿಕೊಳ್ಳುವ ಭಯ ಬೇರೆ. ಬ್ಯಾಟರಿ ಬದಲು ಸೂಪರ್‌ಕೆಪಾಸಿಟರ್ ಇರುವ ಮಾದರಿಗಳು ಶಾಖಕ್ಕೆ ಗಟ್ಟಿ, ಆದರೆ ಅದರಲ್ಲಿ ಉಳಿಯುವ ಕರೆಂಟು ಕೊನೆಯ ಫೈಲ್ ಸೇವ್ ಮಾಡುವಷ್ಟೇ.

ಎರಡನೆಯದು ಪವರ್‌ಬ್ಯಾಂಕ್. 20,000 ಎಂಎಎಚ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್ ಅವರ್. ನಷ್ಟ ಕಳೆದು 55ರ ಆಸುಪಾಸು ಸಿಗುತ್ತದೆ ಅಂದುಕೊಳ್ಳಿ. ಕ್ಯಾಮೆರಾ ಮೂರು ವಾಟ್ ಎಳೆದರೂ ರಾತ್ರಿಯಿಡೀ ಆರಾಮ. ತೊಂದರೆ ಕರೆಂಟಿನದ್ದಲ್ಲ, ಜಾಗದ್ದು. ಯುಎಸ್‌ಬಿಯಿಂದ ಓಡುವಾಗ ಕಾರು ನಿಂತಿದೆ ಅಂತ ಕ್ಯಾಮೆರಾಗೆ ಹೇಳುವವರು ಯಾರೂ ಇಲ್ಲ, ಅದು ಓಡುವ ಕಾರಿನ ಥರವೇ ಪೂರ್ತಿ ವೇಗದಲ್ಲಿ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. 1080ಪಿ ವಿಡಿಯೊ 15 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 15 ಮೆಗಾಬಿಟ್) ಗಂಟೆಗೆ ಹೆಚ್ಚುಕಡಿಮೆ 6.75 ಜಿಬಿ ತಿನ್ನುತ್ತದೆ. 64 ಜಿಬಿ ಒಂಬತ್ತು ಚಿಲ್ಲರೆ ಗಂಟೆಗಳಲ್ಲಿ ಮುಗೀತು. ಅಂದರೆ ರಾತ್ರಿ ಎಂಟಕ್ಕೆ ಯಾರೋ ಗುದ್ದಿ ಹೋಗಿದ್ದರೆ, ಬೆಳಗ್ಗೆ ಆರಕ್ಕೆ ನೀವು ಏಳುವ ಹೊತ್ತಿಗೆ ಅದರ ಮೇಲೆ ಹೊಸದು ಬರೆದಾಗಿರುತ್ತದೆ! ದೊಡ್ಡ ಕಾರ್ಡ್ ಹಾಕಬಹುದು, ಸರಿ. ಆದರೂ ದಿನಾ ಪವರ್‌ಬ್ಯಾಂಕ್ ಬಿಚ್ಚಿ ಮನೆಗೆ ಒಯ್ದು ಚಾರ್ಜಿಗೆ ಹಾಕುವುದು ಯಾರಿಂದ ಆಗುತ್ತೆ? ಬಿಸಿಲಲ್ಲಿ ಅದನ್ನು ಕಾರಿನೊಳಗೇ ಬಿಡುವುದಂತೂ ಬೇಡವೇ ಬೇಡ. ಊರಿಗೆ ಹೋದಾಗ ಲಾಡ್ಜ್ ಮುಂದೆ ಒಂದು ರಾತ್ರಿ ನಿಲ್ಲಿಸಬೇಕಾದರೆ ಸರಿ, ಅಷ್ಟೇ.

ಮೂರನೆಯದು ಕ್ಯಾಮೆರಾವನ್ನು ನೇರ ಕಾರಿನ ಫ್ಯೂಸ್‌ಗಳಿಗೆ ಜೋಡಿಸುವ ಹಾರ್ಡ್‌ವೈರ್ ಕಿಟ್, ನನ್ನ ಕಾರಲ್ಲಿ ಈಗ ಇರುವುದು ಇದೇ. ಮೂರು ವೈರ್. ಒಂದು ಸದಾ ಕರೆಂಟ್ ಇರುವ ಫ್ಯೂಸಿಗೆ, ಒಂದು ಕೀ ತಿರುಗಿಸಿದರೆ ಮಾತ್ರ ಕರೆಂಟ್ ಬರುವ ಫ್ಯೂಸಿಗೆ, ಇನ್ನೊಂದು ಅರ್ಥಿಂಗ್. ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ಎರಡನ್ನೂ ಸದಾ ಕರೆಂಟ್ ಇರುವ ಜಾಗಕ್ಕೇ ಸಿಕ್ಕಿಸಿ ಕಳಿಸಿದ್ದರು. ಕೀ ತೆಗೆದದ್ದು ಕ್ಯಾಮೆರಾಗೆ ಗೊತ್ತಾಗದೆ, ನಿಂತಾಗಿನ ಪಾರ್ಕಿಂಗ್ ಮೋಡ್ ಬರಲೇ ಇಲ್ಲ. ಬೇರೆ ಕಡೆ ಸರಿಮಾಡಿಸಬೇಕಾಯಿತು. ಕೀ ತೆಗೆದ ಮೇಲೆ ಮೋಡ್ ಬದಲಾಗುತ್ತದಾ ಅಂತ ಅಂಗಡಿಯಲ್ಲೇ ನಿಂತು ನೋಡಿ.

ಇದರಲ್ಲಿ ಮುಖ್ಯ ಕಟ್-ಆಫ್ ವೋಲ್ಟೇಜ್, ಅಂದರೆ ಕಾರಿನ ಬ್ಯಾಟರಿ ಎಷ್ಟಕ್ಕೆ ಇಳಿದಾಗ ಕಿಟ್ ಕ್ಯಾಮೆರಾ ಆಫ್ ಮಾಡಬೇಕು ಅನ್ನುವುದು. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಅರ್ಧ ಖಾಲಿ, 11.8 ಅಂದರೆ ಮುಗಿದೇಹೋಯಿತು. ಕಿಟ್‌ನಲ್ಲಿ 11.8 ಆಯ್ಕೆ ಕೊಟ್ಟಿದ್ದರೂ ಅದರ ಹತ್ತಿರ ಹೋಗಬೇಡಿ, ಬೆಳಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ. ನಾನು 12.2ಕ್ಕೆ ಇಟ್ಟಿದ್ದೇನೆ. ಬ್ಯಾಟರಿ ಹಳೆಯದಾಗಿದ್ದರೆ 12.4 ಇಡಿ, ಆಗ ಕೆಲವೇ ಗಂಟೆಗೆ ಕ್ಯಾಮೆರಾ ಆಫ್ ಆಗಬಹುದು, ಆಗಲಿ ಬಿಡಿ. ದಿನಾ ಎರಡು ಕಿಲೋಮೀಟರ್ ತರಕಾರಿಗೆ ಹೋಗಿ ಬಂದರೆ ರಾತ್ರಿ ಖರ್ಚಾದದ್ದು ವಾಪಸ್ ತುಂಬುವುದಿಲ್ಲ, ಅದೂ ನೆನಪಿರಲಿ.

ರೆಕಾರ್ಡಿಂಗ್‌ಗೆ ಟೈಮ್‌ಲ್ಯಾಪ್ಸ್. ಸೆಕೆಂಡಿಗೆ ಒಂದೇ ಫ್ರೇಮ್ ತೆಗೆದು 30ರ ವೇಗದಲ್ಲಿ ಓಡಿಸಿದರೆ ಹತ್ತು ಗಂಟೆಯ ರಾತ್ರಿ ಇಪ್ಪತ್ತು ನಿಮಿಷದ ವಿಡಿಯೊ. ಎರಡು ಜಿಬಿ ಚಿಲ್ಲರೆ, ಒಂದು ವಾರದ್ದು ಕಾರ್ಡಿನಲ್ಲೇ ಉಳಿಯುತ್ತದೆ. ಮಿರರ್ ಕಿತ್ತವನು ಮೂರ್ನಾಲ್ಕು ಫ್ರೇಮ್‌ನಲ್ಲಾದರೂ ಸಿಕ್ಕೇ ಸಿಗುತ್ತಾನೆ. ಸರ್ರನೆ ಸವರಿ ಹೋದ ಬೈಕಿನ ನಂಬರ್ ಪ್ಲೇಟ್ ಮಾತ್ರ ಕತ್ತಲಲ್ಲಿ ಓದಲು ಬರುವುದಿಲ್ಲ. ಕಾರ್ಡ್ ಹೈ ಎಂಡ್ಯೂರೆನ್ಸ್ ಥರದ್ದೇ ತಗೊಳ್ಳಿ, ಹಗಲೂ ರಾತ್ರಿ ಬರೆದು ಅಳಿಸುವ ಕೆಲಸಕ್ಕೆ ಫೋನಿನ ಕಾರ್ಡ್ ಬೇಗ ಸಾಯುತ್ತದೆ.

ನಾಲ್ಕನೆಯದು ಸೋಲಾರ್ ಕ್ಯಾಮೆರಾ, ಸಿಮ್ ಹಾಕುವಂಥದ್ದು. ಕಾರೊಳಗೆ ಇಟ್ಟರೆ ಇದು ದಂಡ. ಇದರ ಪಿಐಆರ್ ಸೆನ್ಸರ್ ಮೈಶಾಖವನ್ನು ನೋಡಿ ಏಳುತ್ತದೆ, ಆ ಶಾಖ ಗಾಜು ದಾಟಿ ಬರುವುದಿಲ್ಲ. ಕಾಂಪೌಂಡ್ ಗೋಡೆಗೆ ಹಾಕಿ ಕಾರಿನ ಕಡೆ ತಿರುಗಿಸಿದಾಗ ಮಾತ್ರ ಇದರ ಬೆಲೆ ಗೊತ್ತಾಯಿತು. ವಾರಗಟ್ಟಲೆ ಕದಲದ ಕಾರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಕಾರಿನ ಬ್ಯಾಟರಿಯ ಹಂಗೇ ಇಲ್ಲ, ಫೋನಿಗೆ ಆಗಲೇ ಸುದ್ದಿ ಬರುತ್ತದೆ. ನಡೆಯುವವರು ಎದುರಿಗೆ ಬರುವ ಬದಲು ಅಡ್ಡ ಹಾಯುವಂತೆ ಕೋನ ಇಡಿ, ಸೆನ್ಸರ್ ಚುರುಕಾಗಿ ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ ಮಧ್ಯಾಹ್ನದಲ್ಲಿ ಗಾಳಿಯೂ ಮೈಯಷ್ಟೇ ಬಿಸಿ, ಆಗ ಮಂಕಾಗುತ್ತದೆ. ಮಲೆನಾಡಿನ ಜುಲೈನಲ್ಲಿ ಪ್ಯಾನಲ್‌ಗೆ ಬಿಸಿಲೇ ಸಿಗದು. ಬೀದಿನಾಯಿಗಳ ಓಡಾಟಕ್ಕೂ ಫೋನ್ ಟಿಂಗ್ ಅನ್ನುತ್ತದೆ, ಅಭ್ಯಾಸವಾಗುತ್ತೆ ಬಿಡಿ.

ದಿನಾ ಓಡಿಸುವವರಿಗೆ ಹಾರ್ಡ್‌ವೈರ್, ಕಾರು ನಿಂತೇ ಇರುವವರಿಗೆ ಗೋಡೆ ಮೇಲಿನ ಸೋಲಾರ್. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಆದರೆ ಬಿಸಿಲೂ ಇಲ್ಲ, ಸಿಗ್ನಲ್ಲೂ ಇಲ್ಲ. ಅಲ್ಲಿ ಹಾರ್ಡ್‌ವೈರ್ ಹಾಕಿಸಿ, ಅಥವಾ ನಿಮ್ಮ ಕಂಬದ ಮೇಲೆ ಒಂದು ಸಿಸಿಟಿವಿ ಹಾಕಿಸಿ ಅಂತ ಅಸೋಸಿಯೇಷನ್ ಬೆನ್ನು ಹತ್ತಿ.