ನುನಾವುಟ್‌ಗೆ ಕೆಲಸಕ್ಕೆ ಹೋಗುವವರು ಯಾವ ತರಬೇತಿ ತಗೊಳ್ಳಬೇಕು?

ನುನಾವುಟ್ ಅಂದರೆ ಕೆನಡಾದ ಉತ್ತರ ತುದಿಯಲ್ಲಿ ಇನುಯಿಟ್ ಮೂಲನಿವಾಸಿಗಳೇ ಹೆಚ್ಚಾಗಿರುವ ಪ್ರದೇಶ. ಟೊರೊಂಟೊದಿಂದ ಅಲ್ಲಿಗೆ ನರ್ಸ್ ಆಗಿ ಹೊರಟವರೊಬ್ಬರು ಕೇಳಿದ್ದಾರೆ: ಇನುಯಿಟರ ರೀತಿನೀತಿ ತಿಳಿಯಲು ಆನ್‌ಲೈನ್ ಕೋರ್ಸ್ ಸಾಕಾ, ಇಲ್ಲಾ ಇನುಯಿಟ್ ಶಿಕ್ಷಕರ ತರಗತಿಗೇ ಹೋಗಬೇಕಾ?

ಖರ್ಚು ನೋಡಿದರೆ ಆನ್‌ಲೈನೇ ಸುಲಭ. ಆಲ್ಬರ್ಟಾ ವಿಶ್ವವಿದ್ಯಾಲಯದ 'ಇಂಡಿಜಿನಸ್ ಕೆನಡಾ' ಕೋರ್ಸಿನಲ್ಲಿ 12 ಪಾಠಗಳಿವೆ, ಉಚಿತವಾಗಿ ಕಲಿಯಬಹುದು. ಆದರೆ ಅದು ಕೆನಡಾದ ಎಲ್ಲ ಮೂಲನಿವಾಸಿಗಳ ಬಗ್ಗೆ. ಇನುಯಿಟರ ಪಾಲು ಅದರಲ್ಲಿ ಸ್ವಲ್ಪವೇ. ಶಿಕ್ಷಕರ ತರಗತಿಗೆ ಶುಲ್ಕ ಇರುತ್ತದೆ, ರಜೆಯೂ ಬೇಕು. ಕೆಲಸ ಕೊಟ್ಟವರೇ ಭರಿಸುತ್ತಾರಾ ಅಂತ ಮೊದಲೇ ಕೇಳಿ.

ನರ್ಸ್‌ಗೆ ಮುಖ್ಯವಾಗುವುದು ಎದುರಿಗಿರುವವರನ್ನು ಅರ್ಥ ಮಾಡಿಕೊಳ್ಳುವುದು. ಅಲ್ಲಿ ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ಇದನ್ನು ಓದಿ ತಿಳಿಯಬಹುದು, ಆದರೆ ರೋಗಿ ಸುಮ್ನೆ ಕೂತಾಗ ಕಾಯುವುದು ಅಭ್ಯಾಸದಿಂದಲೇ ಬರುವುದು. ಅದಕ್ಕೆ ತರಗತಿಯೇ ಮೇಲು. ಇತಿಹಾಸಕ್ಕೆ ಮಾತ್ರ ಆನ್‌ಲೈನ್ ಪರವಾಗಿಲ್ಲ. 1950ರ ದಶಕದಲ್ಲಿ ಇನುಯಿಟ್ ಕ್ಷಯ ರೋಗಿಗಳನ್ನು ಹಡಗಿನಲ್ಲಿ ದಕ್ಷಿಣ ಕೆನಡಾದ ಆಸ್ಪತ್ರೆಗಳಿಗೆ ಒಯ್ದಾಗ ಕೆಲವರು ಮರಳಲೇ ಇಲ್ಲ. ಆಸ್ಪತ್ರೆ ಅಂದರೆ ಹಿರಿಯರು ಯಾಕೆ ಹಿಂಜರಿಯುತ್ತಾರೆ ಅಂತ ಆಗ ಗೊತ್ತಾಗುತ್ತದೆ, ಅಲ್ವಾ?

ಕೆಲವೇ ವಾರಗಳ ಬದಲಿ ಕೆಲಸವಾದರೆ ಆನ್‌ಲೈನ್ ಕೋರ್ಸ್ ಜೊತೆ ಟುಸಾಲಂಗಾ ಜಾಲತಾಣದಲ್ಲಿ ಇನುಕ್ಟಿಟುಟ್ ಭಾಷೆಯ ನಾಲ್ಕು ಮಾತು ಕಲಿತರೆ ಸಾಕು. ವರ್ಷಗಟ್ಟಲೆ ಇರುವವರು ತರಗತಿ ಬಿಡಬೇಡಿ. ಅದನ್ನೂ ಅಲ್ಲಿಗೆ ಹೋಗಿ ಒಂದೆರಡು ತಿಂಗಳಾದ ಮೇಲೆ ತಗೊಂಡರೆ ಕೇಳಲು ನಿಮ್ಮದೇ ಪ್ರಶ್ನೆಗಳಿರುತ್ತವೆ.